ಶಾಸಕರೇ, ಶಿಬಿರ ಸಾಕು, ನಮ್ಮವರ ರೊಟ್ಟಿ ಕೊಳ್ಳಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಮೊನ್ನೆ ಉದ್ಯಮಶೀಲತಾ ಶಿಬಿರ ಉದ್ಘಾಟನೆಗೆ ನಮ್ಮ ಊರಿಗೆ ಬಂದಿದ್ದಿರಿ. ಯುವಕರು ಕೆಲಸ ಕೇಳಬಾರದು, ಕೆಲಸ ಕೊಡಬೇಕು ಅಂದಿರಿ. ಚಪ್ಪಾಳೆಯೂ ಬಿತ್ತು. ಅವತ್ತು ಬೆಳಿಗ್ಗೆ ನಿಮ್ಮ ಕಾರು ಬರುವ ದಾರಿ ಅಂತ ಬಸ್ ಸ್ಟ್ಯಾಂಡ್ ಎದುರಿನ ಮಿರ್ಚಿ ಭಜಿ ಬಂಡಿ, ಹಣ್ಣಿನ ಬಂಡಿ, ಪಂಕ್ಚರ್ ಅಂಗಡಿ ಎಲ್ಲ ಎತ್ತಿಸಿದ್ದರು. ನಿಮಗೆ ಗೊತ್ತಿರಲಿಕ್ಕಿಲ್ಲ. ಭಜಿ ಬಂಡಿಯಲ್ಲಿ ಇಬ್ಬರು ಹುಡುಗರು ಕೂಲಿಗಿದ್ದಾರೆ, ಕೆಲಸ ಕೊಡುವವರು ಅಂದರೆ ಇವರೇ ಅಲ್ವಾ? ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು 2014ರಲ್ಲಿ. ನಮ್ಮಲ್ಲಿ ಅವರಿಗೆ ಇನ್ನೂ ಖಾಯಂ ಜಾಗ ಇಲ್ಲ.

ನಮ್ಮ ಕಲಬುರಗಿ ಕಡೆ ಜನರಿಗೆ ವ್ಯಾಪಾರ ಕಲಿಸುವುದು ಅಷ್ಟೇನೂ ಬೇಕಿಲ್ಲ. ಬೇಕಾಗಿರುವುದು ಗಿರಾಕಿ.

ನಮ್ಮ ಓಣಿಯ ಒಬ್ಬ ಅಕ್ಕನ ಕಥೆ ಕೇಳಿ. ಬೆಳಗಿನ ಜಾವ ನಾಲ್ಕಕ್ಕೇ ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರು. ಕುದಿ ನೀರು ಹಾಕಿ ನಾದಿದ ಜೋಳದ ಹಿಟ್ಟು, ಅಂಗೈ ಅಗಲದ ಉಂಡೆ, ತಟ್ಟಿ ತಟ್ಟಿ ತೆಳ್ಳಗಾದ ಮೇಲೆ ಹಂಚಿಗೆ, ಮೇಲೊಂದು ಒದ್ದೆ ಬಟ್ಟೆಯ ಸವರು. ಖಡಕ್ ರೊಟ್ಟಿಯಾದರೆ ಆರಿಸಿ, ಒಣಗಿಸಿ, ಒಂದರ ಮೇಲೊಂದು ಜೋಡಿಸಿ ಕಟ್ಟಬೇಕು. ಬಸ್ಸಿಗೆ ಹಾಕಿದರೆ ಒಂದಷ್ಟು ಮುರಿಯುತ್ತವೆ, ಆ ನಷ್ಟ ಅವರದ್ದೇ. ಮಳೆಗಾಲದಲ್ಲಿ ಮೆತ್ತಗಾಗುತ್ತವೆ. ಖಾನಾವಳಿಯವರು ಮುಂದಿನ ವಾರ ಕೊಡ್ತೀನಿ ಅಂತ ಉದ್ರಿ ಹೇಳುತ್ತಾರೆ, ಆ ಮುಂದಿನ ವಾರ ಬೇಗ ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕಷ್ಟ ಜೋಳದ್ದು. ಹಿಂಗಾರಿ ಜೋಳ ರಾಶಿಯಾಗುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಆಗ ವರ್ಷದ ಜೋಳ ಒಮ್ಮೆಲೇ ತುಂಬಿಸಿಟ್ಟುಕೊಂಡರೆ ನಾಲ್ಕು ಕಾಸು ಉಳಿಯುತ್ತದೆ. ಅದಕ್ಕೇ ಅಂತ ಅಕ್ಕ ಬ್ಯಾಂಕಿಗೆ ಹೋದರೆ, ಮಾರ್ಚ್ ಎಂಡ್ ಇದೆಯಮ್ಮಾ, ಏಪ್ರಿಲ್ ಆದ ಮೇಲೆ ಬಾ ಅಂದರು. ಏಪ್ರಿಲ್‌ನಲ್ಲಿ ಹೋದರೆ ಜಾಮೀನು ಯಾರು ಕೊಡ್ತಾರೆ ಅಂದರು. ಹತ್ತು ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಆಸ್ತಿ ಅಡ ಕೇಳಬಾರದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಅದನ್ನು ಆ ಕೌಂಟರಿನ ಮುಂದೆ ನಿಂತು ಹೇಳುವ ಧೈರ್ಯ ಯಾರಿಗಿದೆ? ಈಗ ಅವರು ಕಿರಾಣಿ ಅಂಗಡಿಯಿಂದ ಐದು ಕೆಜಿ, ಹತ್ತು ಕೆಜಿ ಅಂತ ಜಾಸ್ತಿ ರೇಟಿಗೆ ತರುತ್ತಾರೆ.

ಯೋಜನೆಗಳಿಲ್ಲ ಅಂತಲ್ಲ. ಆದರೆ ಪಿಎಂಇಜಿಪಿ ಅನ್ನುವ ಕೇಂದ್ರದ ಸಬ್ಸಿಡಿ ಸಾಲದ ಯೋಜನೆ ಹೊಸದಾಗಿ ಶುರು ಮಾಡುವವರಿಗೆ. ಇವರದು ಹಳೆಯ ಕಸುಬು, ಅಲ್ಲಿ ಇವರಿಗೆ ಬಾಗಿಲು ಇಲ್ಲ. 2020ರಲ್ಲಿ ಬಂದ ಪಿಎಂಎಫ್‌ಎಂಇ ಅನ್ನುವ ಕೇಂದ್ರದ ಸಣ್ಣ ಆಹಾರ ಉದ್ಯಮಗಳ ಯೋಜನೆಯಲ್ಲಿ ಆಹಾರ ತಯಾರಿಸುವ ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ (ಕೈಬಂಡವಾಳ) ಅಂತ ಇಟ್ಟಿದ್ದರು. ಒಂದು ಮನೆಯ ಜೋಳಕ್ಕೆ ಅದು ಸಣ್ಣ ದುಡ್ಡಲ್ಲ. ನಮ್ಮ ಓಣಿಯಲ್ಲಿ ಯಾರಿಗೂ ಆ ಮಾತೇ ಗೊತ್ತಿಲ್ಲ. ಶಿಬಿರದಲ್ಲಿ ಇದನ್ನು ಹೇಳಬಹುದಿತ್ತು, ಅಲ್ಲಿ ಸ್ಟಾರ್ಟಪ್ ಸ್ಲೈಡ್ ತೋರಿಸಿದರು.

ತರಬೇತಿಯನ್ನೇ ಬೈಯುತ್ತಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ನೋಡಿಯೇ ಅಲ್ವಾ ದೇಶದ ತುಂಬ ಆರ್‌ಸೆಟಿ ಅನ್ನುವ ಅಂಥದ್ದೇ ತರಬೇತಿ ಕೇಂದ್ರಗಳು ಬಂದಿದ್ದು. ಅಲ್ಲಿ ಕಲಿಸಿ ಕೈಬಿಡುವುದಿಲ್ಲ, ಆಮೇಲೂ ಬೆನ್ನು ಹತ್ತಿ ವಿಚಾರಿಸುತ್ತಾರೆ. ನಮ್ಮ ಊರಿನ ಶಿಬಿರದಲ್ಲಿ ಸರ್ಟಿಫಿಕೇಟು, ಊಟ, ಫೋಟೋ. ಹೋದ ಸಲ ಮೋಟಾರ್ ವೈಂಡಿಂಗ್ ಕಲಿತ ಹುಡುಗ ಈಗ ಪುಣೆಯಲ್ಲಿ ಸೆಕ್ಯುರಿಟಿ ಗಾರ್ಡ್. ಇಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ರೈತ ಅದನ್ನು ಹೊತ್ತುಕೊಂಡು ಕಲಬುರಗಿಗೇ ಹೋಗುತ್ತಾನೆ. ಹುಡುಗನಿಗೆ ಅಂಗಡಿಯ ಅಡ್ವಾನ್ಸ್‌ಗೆ ದುಡ್ಡಿರಲಿಲ್ಲ, ಅಷ್ಟೇ.

ಈಗ ನಮ್ಮ ಬೇಡಿಕೆ. ತಾಲ್ಲೂಕಿನಲ್ಲಿ ದೊಡ್ಡ ಗಿರಾಕಿ ಯಾರು? ಸರ್ಕಾರವೇ. ಹಿಂದುಳಿದ ವರ್ಗದ ಮಕ್ಕಳ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್, ಮೊರಾರ್ಜಿ ವಸತಿ ಶಾಲೆ, ಇಲ್ಲೆಲ್ಲ ದಿನಾ ಮಕ್ಕಳು ಉಣ್ಣುತ್ತಾರೆ. ವಾರಕ್ಕೆ ಎರಡು ದಿನ ಅವರಿಗೆ ಆಯಾ ಊರಿನ ಸಂಘದ ರೊಟ್ಟಿ, ಶೇಂಗಾ ಚಟ್ನಿ ಕೊಳ್ಳುವ ಹಾಗೆ ಮಾಡಿ. ಟೆಂಡರ್ ಅಂದರೆ ಠೇವಣಿ ಎಷ್ಟು, ಹಿಂದಿನ ವಹಿವಾಟು ಎಷ್ಟು ಅಂತ ಶುರುವಾಗುತ್ತದೆ, ಅದು ಇವರ ಕೈಲಾಗದ ಮಾತು. ಸಣ್ಣ ಸಣ್ಣ ಖರೀದಿಯಾಗಿ ಒಡೆದು ಕೊಡಲು ನಿಯಮದಲ್ಲಿ ಏನು ದಾರಿ ಇದೆ ಅಂತ ಅಧಿಕಾರಿಗಳನ್ನು ನೀವು ಕೇಳಬೇಕು, ನಾವು ಕೇಳಿದರೆ ನಾಳೆ ಬನ್ನಿ ಅಂತಾರೆ. ದುಡ್ಡು ಬೇಗ ಕೊಡಿಸಿ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಕೊಡಬೇಕು ಅಂತ 2006ರಿಂದಲೇ ಕಾಯ್ದೆ ಇದೆ, ರೊಟ್ಟಿಯವರಿಗೆ ಅಷ್ಟು ದಿನ ಕಾಯುವ ತಾಕತ್ತೂ ಇಲ್ಲ. ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಅಂತ ಬ್ರ್ಯಾಂಡ್ ಮಾಡಿದ್ದು ಒಳ್ಳೆಯ ಕೆಲಸ. ಅದು ನಮ್ಮ ಓಣಿಯವರೆಗೆ ಬರಲಿ.

ಇನ್ನು ಜಾಗ. ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ (ಕೆಕೆಆರ್‌ಡಿಬಿ) 2023-24ರ ಬಜೆಟ್‌ನಲ್ಲೇ 5,000 ಕೋಟಿ ಅಂದಿದ್ದರು. ಅದರಲ್ಲಿ ರಸ್ತೆ, ಸಮುದಾಯ ಭವನ ಕಾಣಿಸುತ್ತಿವೆ. ತ್ರೀಫೇಸ್ ಕರೆಂಟು, ನೀರು, ಹಿಟ್ಟಿನ ಗಿರಣಿ ಇರುವ ಒಂದು ಶೆಡ್ ಕಟ್ಟಿಸಿ. ಪಕ್ಕದಲ್ಲಿ ನಾಲ್ಕು ಮಳಿಗೆ, ಅಡ್ವಾನ್ಸ್ ಇಲ್ಲದೆ, ಮೊದಲ ವರ್ಷ ಕಡಿಮೆ ಬಾಡಿಗೆಗೆ. ಪುಣೆಯ ಹುಡುಗನನ್ನು ನಾವೇ ಕರೆಸುತ್ತೇವೆ.

ಮುಂದಿನ ಜೋಳದ ರಾಶಿಗೆ ಮೊದಲು, ಜನವರಿಯಲ್ಲೇ, ಬ್ಯಾಂಕ್ ಮ್ಯಾನೇಜರ್‌ಗಳು ಮತ್ತು ಹಾಸ್ಟೆಲ್ ವಾರ್ಡನ್‌ಗಳನ್ನು ಒಂದೇ ಕಡೆ ಕೂರಿಸಿ ಸಭೆ ಕರೆಯಿರಿ. ಶಾಲು, ಹಾರ ಬೇಡ. ದಿನಾಂಕ ಹೇಳಿದರೆ ರೊಟ್ಟಿ ಮಾಡುವವರನ್ನೆಲ್ಲ ನಾವು ಕರೆದುಕೊಂಡು ಬರುತ್ತೇವೆ. ಬೆಳಿಗ್ಗೆ ಹನ್ನೊಂದರ ಮೇಲೆ ಇಡಿ, ಅಷ್ಟೊತ್ತಿಗೆ ಅವರ ಕೆಲಸ ಮುಗಿದಿರುತ್ತದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ