ವಿಕಟಕವಿಯನ್ನು ತಿರುಗಿಸಿ ನೋಡಲಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ಮೊದಲ ಅಭ್ಯಾಸವಾಗಿ ಅಡಿಕೆ ಲೆಕ್ಕ ಕೊಡಿ. ತೂಕ, ಕಿಲೋ ದರ ಕೇಳಿ ಗುಣಿಸಿ ತೋರಿಸಲು ನಾಲ್ಕೇ ಸಾಲು ಸಾಕು. ಎಡವುವುದೂ ಇಲ್ಲೇ: ಟೈಪ್ ಮಾಡಿದ್ದನ್ನು ಪಡೆಯುವ 'ಇನ್‌ಪುಟ್' ಕೊಡುವುದು ಸಂಖ್ಯೆಯನ್ನಲ್ಲ, ಸ್ಟ್ರಿಂಗನ್ನು, ಅಂದರೆ ಬರೀ ಅಕ್ಷರಗಳ ಸಾಲನ್ನು. ಹಾಗೇ ಕೂಡಿಸಿದರೆ 12 ಮತ್ತು 5 ಸೇರಿ 125 ಆಗುತ್ತದೆ, ಗುಣಿಸಿದರೆ ಎರರ್. ಪೂರ್ಣಾಂಕವಾಗಿಸುವ 'ಇಂಟ್' ಹಾಕಿದರೂ 12.5 ಕಿಲೋ ಎಂದೊಡನೆ ನಿಂತುಬಿಡುತ್ತದೆ, ದಶಮಾಂಶಕ್ಕೆ 'ಫ್ಲೋಟ್' ಬೇಕು. ಎರರ್ ಸಂದೇಶದ ಕೊನೆಯ ಸಾಲನ್ನು ಮಕ್ಕಳೇ ಓದಲಿ, ಶಿಕ್ಷಕರು ಕೂಡಲೇ ತಿದ್ದಿಕೊಡಬಾರದು.

ಮಗ್ಗಿಯಲ್ಲಿ ಸಂಖ್ಯೆಗಳ ಸಾಲು ಕೊಡುವ 'ರೇಂಜ್'ಗೆ 1ರಿಂದ 10 ಎಂದು ಬರೆದರೆ 9ಕ್ಕೇ ಮುಗಿಯುತ್ತದೆ, 11 ಬರೆಯಬೇಕು. ಅಧಿಕ ವರ್ಷದ ಪ್ರೋಗ್ರಾಮನ್ನು 2024ರಲ್ಲಿ ಮಾತ್ರ ಪರೀಕ್ಷಿಸಿದರೆ ಸಾಲದು, ಅಧಿಕ ವರ್ಷವಲ್ಲದ 1900 ಮತ್ತು ಅಧಿಕ ವರ್ಷವಾದ 2000 ಕೊಟ್ಟು ನೋಡಬೇಕು.

ನಮಗೆ ಅತ್ಯಂತ ಪ್ರಿಯವಾದ ಅಭ್ಯಾಸ 'ವಿಕಟಕವಿ'. ಹಿಂದುಮುಂದಾಗಿ ಓದಿದರೂ ಒಂದೇ ಆದ ಈ ಪದವನ್ನು ಪೈಥಾನ್ ಒಪ್ಪುವುದಿಲ್ಲ! ಅದರ ಉದ್ದ 5 ಅಲ್ಲ, 7 ಎನ್ನುತ್ತದೆ. ಕಾರಣ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ 'ವ' ಬೇರೆ, 'ಇ'ಕಾರದ ಚಿಹ್ನೆಯಾದ ಗುಡಿಸು ಬೇರೆ. ತಿರುಗಿಸಿದಾಗ ಗುಡಿಸು ತನ್ನ ವ್ಯಂಜನವನ್ನು ಬಿಟ್ಟು ಮುಂದೆ ಬರುತ್ತದೆ. ಸ್ವರಚಿಹ್ನೆಯನ್ನು ಹಿಂದಿನ ವ್ಯಂಜನಕ್ಕೆ ಅಂಟಿಸಿ, ಅಕ್ಷರಗಳ ಲಿಸ್ಟ್ (ಪಟ್ಟಿ) ಮಾಡಿ, ಆ ಲಿಸ್ಟನ್ನು ತಿರುಗಿಸಿದರೆ ಉತ್ತರ ಸರಿ. ಒತ್ತಕ್ಷರವಿದ್ದರೆ ಇನ್ನೊಂದು ನಿಯಮ ಸೇರಿಸಬೇಕು. ಲೂಪ್ (ಪುನರಾವರ್ತನೆ), ಲಿಸ್ಟ್, ಷರತ್ತು ಮೂರೂ ಇದೊಂದರಲ್ಲೇ ಬರುತ್ತವೆ. ಹಾಗೆಯೇ ಹಿಂದುಮುಂದಾಗಿ ಓದಬಹುದಾದ 'ಮೇಡಂ' (madam) ಎಂಬ ಇಂಗ್ಲಿಷ್ ಪದದಿಂದ ಇದಾವುದೂ ಸಿಗದು.

ಕನ್ನಡದ ಅಭ್ಯಾಸ ಹಾಳೆಗಳಲ್ಲಿ ಇಂಥ ಲೆಕ್ಕಗಳನ್ನು ಸೇರಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇವೆ.

– ಕಂಪ್ಯೂಟರ್ ಶಿಕ್ಷಕರು, ಕಾಸರಗೋಡು