ಬಿಟ್ಟು ಬಂದವರ ಲೆಕ್ಕ: ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಎಸ್. ಜೈಶಂಕರ್ ಅವರಿಗೆ,

ನಮಸ್ಕಾರ.

1990ರ ಮಾರ್ಚ್ 24ರಂದು ಶ್ರೀಲಂಕಾದ ಟ್ರಿಂಕೋಮಲಿಯಲ್ಲಿ ಭಾರತದ ಕೊನೆಯ ಸೈನಿಕರು ಹಡಗು ಹತ್ತಿದರು. 1987ರ ಜುಲೈನಲ್ಲಿ ಶ್ರೀಲಂಕಾ ಸರ್ಕಾರದ ಜೊತೆ ಆದ ಒಪ್ಪಂದದಂತೆ ಶಾಂತಿ ಕಾಯಲು ಹೋದ ನಮ್ಮ ಪಡೆ, ಅಕ್ಟೋಬರ್ ಹೊತ್ತಿಗೆ ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ಬಿದ್ದಿತ್ತು. ಸುಮಾರು 1,200 ಯೋಧರು ಅಲ್ಲಿ ಪ್ರಾಣ ಕೊಟ್ಟರು. ಆ ಪಡೆಯ ವಾಪಸಾತಿಯ ಬಗ್ಗೆಯೇ ಈ ಪತ್ರ.

ನಿಮಗೇ ಬರೆಯಲು ಕಾರಣ ಇದೆ. 1988ರಿಂದ 1990ರವರೆಗೆ ನೀವು ಕೊಲಂಬೊದ ನಮ್ಮ ಹೈಕಮಿಷನ್‌ನಲ್ಲಿ ಫಸ್ಟ್ ಸೆಕ್ರೆಟರಿ ಆಗಿದ್ದಿರಿ, ಶಾಂತಿಪಾಲನಾ ಪಡೆಗೆ ರಾಜಕೀಯ ಸಲಹೆಗಾರರೂ ಆಗಿದ್ದಿರಿ. ಆಗ ನೀವಿನ್ನೂ ಕಿರಿಯ ಅಧಿಕಾರಿ. ನಿರ್ಧಾರ ನಿಮ್ಮದಾಗಿರಲಿಲ್ಲ. ಆದರೆ ಆ ದಿನಗಳನ್ನು ಹತ್ತಿರದಿಂದ ಕಂಡವರು ಇವತ್ತು ನಿರ್ಧಾರ ತೆಗೆದುಕೊಳ್ಳುವ ಜಾಗದಲ್ಲಿದ್ದಾರೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಸೈನ್ಯ ವಾಪಸ್ ಬಂದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಬರಲೇಬೇಕಿತ್ತು. ಅಧ್ಯಕ್ಷ ಪ್ರೇಮದಾಸ ಅವರು 1989ರ ಜುಲೈ 29ರೊಳಗೆ ಹೊರಡಿ ಎಂದು ಬಹಿರಂಗವಾಗಿ ಹೇಳಿದ್ದರು. ಯಾರ ನೆಲವೋ ಅವರೇ ಬೇಡ ಎಂದ ಮೇಲೆ ನಿಲ್ಲುವ ಹಕ್ಕು ನಮಗಿರಲಿಲ್ಲ. ಅಲ್ಲಿನ ತಮಿಳರ ವಿಶ್ವಾಸವನ್ನೂ ನಾವು ಕಳೆದುಕೊಂಡಿದ್ದೆವು. 1987ರ ದೀಪಾವಳಿಯ ದಿನ, ಅಕ್ಟೋಬರ್ 21ರಂದು, ನಮ್ಮ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿ ಗುಂಡು ಹಾರಿಸಿದರು. ಹಾಸಿಗೆಯಲ್ಲಿದ್ದ ರೋಗಿಗಳು, ನರ್ಸ್‌ಗಳು, ಡಾಕ್ಟರ್‌ಗಳು ಸೇರಿ 60ಕ್ಕೂ ಜಾಸ್ತಿ ಜನ ಸತ್ತರು. ಅದಕ್ಕೆ ಭಾರತ ಇವತ್ತಿಗೂ ಕ್ಷಮೆ ಕೇಳಿಲ್ಲ.

ನನ್ನ ಪ್ರಶ್ನೆ ಹೊರಟ ರೀತಿಯ ಬಗ್ಗೆ. ಹೊರಡುವ ಮುಂಚೆ ಯಾರ ಕೈಗೆ ಬಂದೂಕು ಕೊಟ್ಟೆವು, ಆಮೇಲೆ ಯಾರನ್ನು ಹಡಗು ಹತ್ತಿಸಿಕೊಂಡೆವು, ಯಾರನ್ನು ದಡದಲ್ಲೇ ಬಿಟ್ಟೆವು?

1988ರ ಕೊನೆಯಲ್ಲಿ ಶ್ರೀಲಂಕಾದ ಈಶಾನ್ಯ ಪ್ರಾಂತ್ಯದಲ್ಲಿ ನಮ್ಮ ಬೆಂಬಲದ, ಇಪಿಆರ್‌ಎಲ್‌ಎಫ್ ಎಂಬ ತಮಿಳು ಪಕ್ಷದ ಸರ್ಕಾರ ಬಂತು. ವರದರಾಜ ಪೆರುಮಾಳ್ ಮುಖ್ಯಮಂತ್ರಿ ಆದರು. ಭಾರತದ ಪಡೆ ಹೋದ ಮೇಲೆ ಈ ಸರ್ಕಾರ ನಿಲ್ಲಬೇಕಾದರೆ ಒಂದು ಸೈನ್ಯ ಬೇಕು ಎಂದಾಯಿತು. 1989ರಲ್ಲಿ ಹುಡುಗರನ್ನು ಹಿಡಿದು ತರಲು ಶುರು ಮಾಡಿದರು. ರಸ್ತೆಯಲ್ಲಿ ಸಿಕ್ಕವರು, ಸ್ಕೂಲಿಗೆ ಹೋಗುವ ವಯಸ್ಸಿನವರು, ಯಾರನ್ನೂ ಬಿಡಲಿಲ್ಲ. ಅವರಿಗೆ ಅಷ್ಟಿಷ್ಟು ತರಬೇತಿ, ನಾವು ಕೊಟ್ಟ ಬಂದೂಕು, ‘ತಮಿಳು ರಾಷ್ಟ್ರೀಯ ಸೇನೆ’ ಎಂಬ ಹೆಸರು. ಆ ಮಕ್ಕಳಿಗೆ ಯುದ್ಧ ಬೇಕಿರಲಿಲ್ಲ. ಎಲ್‌ಟಿಟಿಇ ಮೇಲೆ ದ್ವೇಷ ಇತ್ತೋ ಇಲ್ಲವೋ, ಯಾರೂ ಕೇಳಲಿಲ್ಲ.

ಆ ವರ್ಷದ ಕೊನೆಗೆ ಅಂಪಾರೈ ಜಿಲ್ಲೆಯಿಂದ ನಮ್ಮ ಪಡೆ ಹೊರಟ ಕೂಡಲೇ ಎಲ್‌ಟಿಟಿಇ ಈ ಹುಡುಗರ ಕ್ಯಾಂಪುಗಳ ಮೇಲೆ ಬಿತ್ತು. ನಾವು ಒಂದೊಂದೇ ಜಿಲ್ಲೆ ಖಾಲಿ ಮಾಡುತ್ತಾ ಹೋದೆವು, ಅವರು ಒಂದೊಂದೇ ಕ್ಯಾಂಪ್ ಮುಗಿಸುತ್ತಾ ಬಂದರು. ಶರಣಾದವರಲ್ಲೂ ಎಷ್ಟೋ ಜನ ಉಳಿಯಲಿಲ್ಲ. 1990ರ ಮಾರ್ಚ್‌ನಲ್ಲಿ ಪೆರುಮಾಳ್ ಅವರನ್ನೂ ಇಪಿಆರ್‌ಎಲ್‌ಎಫ್‌ನ ಮುಖಂಡರು, ಕುಟುಂಬದವರು ಸೇರಿ ಸಾವಿರಕ್ಕೂ ಜಾಸ್ತಿ ಜನರನ್ನೂ ಭಾರತಕ್ಕೆ ಕರೆತಂದರು. ತಮಿಳುನಾಡು ಬೇಡ ಎಂದಾಗ ಒಡಿಶಾದಲ್ಲಿ ಜಾಗ ಕೊಟ್ಟರು. ಅವರನ್ನು ಉಳಿಸಿದ್ದು ಸರಿಯೇ. ಆದರೆ ಪಕ್ಷದವರಿಗೆ ಸಿಕ್ಕ ಹಡಗು ಬಲವಂತವಾಗಿ ಬಂದೂಕು ಹಿಡಿದ ಹುಡುಗರಿಗೆ ಯಾಕೆ ಸಿಗಲಿಲ್ಲ? ನಮ್ಮನ್ನು ನಂಬಿ ಬಂದವರೂ ಅಲ್ಲ ಅವರು. ನಂಬದಿದ್ದರೂ ಅವರನ್ನು ಎಳೆದು ತರಲಾಗಿತ್ತು. ಹಾಗಾಗಿ ನಮ್ಮ ಹೊಣೆ ಇನ್ನೂ ಜಾಸ್ತಿ ಅಲ್ವಾ?

ಇದನ್ನೆಲ್ಲ ಆಗಲೇ ದಾಖಲಿಸಿಟ್ಟವರಿದ್ದಾರೆ. ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅನಾಟಮಿ ಕಲಿಸುತ್ತಿದ್ದ ರಜನಿ ತಿರಣಗಾಮ ಮತ್ತು ಅವರ ಸಹೋದ್ಯೋಗಿಗಳು ಎಲ್‌ಟಿಟಿಇ ಮಾಡಿದ್ದನ್ನೂ ಬರೆದರು, ನಮ್ಮ ಸೈನ್ಯ ಮಾಡಿದ್ದನ್ನೂ ಬರೆದರು. 1989ರ ಸೆಪ್ಟೆಂಬರ್ 21ರಂದು ಸೈಕಲ್‌ನಲ್ಲಿ ಮನೆಗೆ ಹೋಗುತ್ತಿದ್ದ ರಜನಿಯವರನ್ನು ಗುಂಡಿಟ್ಟು ಕೊಂದರು. ಆ ಹೆಣ್ಣುಮಗಳು ಪ್ರಾಣ ಒತ್ತೆಯಿಟ್ಟು ಬರೆದದ್ದನ್ನು ನಮ್ಮ ಸರ್ಕಾರಗಳು ಒಮ್ಮೆಯಾದರೂ ಸಂಸತ್ತಿನಲ್ಲಿ ಬಾಯಿಬಿಟ್ಟು ಒಪ್ಪಿಕೊಳ್ಳಬೇಕಿತ್ತು.

ನಮ್ಮ ಪಡೆ ಭಾರತಕ್ಕೆ ವಾಪಸ್ ಬಂದು ಮೂರು ತಿಂಗಳಿಗೇ ಶ್ರೀಲಂಕಾ ಸೈನ್ಯಕ್ಕೂ ಎಲ್‌ಟಿಟಿಇಗೂ ಮತ್ತೆ ಯುದ್ಧ ಶುರುವಾಯಿತು. ಆ ಒಂದೆರಡು ವರ್ಷದಲ್ಲೇ ಒಂದು ಲಕ್ಷಕ್ಕೂ ಜಾಸ್ತಿ ಜನ ದೋಣಿ ಹತ್ತಿ ರಾಮೇಶ್ವರದ ಕಡೆ ಬಂದರು. ಅವರಲ್ಲಿ ಎಷ್ಟೋ ಜನ, ಅವರ ಮಕ್ಕಳು, ಈಗ ಮೊಮ್ಮಕ್ಕಳು ಕೂಡ ತಮಿಳುನಾಡಿನ ಕ್ಯಾಂಪುಗಳಲ್ಲೇ ಇದ್ದಾರೆ. ಇಲ್ಲೇ ಹುಟ್ಟಿ, ಇಲ್ಲೇ ಎಂಜಿನಿಯರಿಂಗ್ ಓದಿದ ಹುಡುಗ ಮನೆಗಳಿಗೆ ಪೇಂಟ್ ಹೊಡೆಯುವ ಕೆಲಸಕ್ಕೆ ಹೋಗುತ್ತಾನೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ, ಪಾಸ್‌ಪೋರ್ಟ್ ಇಲ್ಲ. ಹಾಜರಿ ತೆಗೆದುಕೊಳ್ಳಲು ಅಧಿಕಾರಿಗಳು ಬರುವ ದಿನ ಕ್ಯಾಂಪಿನಲ್ಲೇ ಇರಬೇಕು. 1987ರ ಜುಲೈ 1ರ ನಂತರ ಇಲ್ಲಿ ಹುಟ್ಟಿದವರಿಗೆ ಅಪ್ಪನೋ ಅಮ್ಮನೋ ಭಾರತೀಯರಾಗಿರದಿದ್ದರೆ ಪೌರತ್ವ ಇಲ್ಲ ಎನ್ನುತ್ತದೆ ಕಾನೂನು. 2019ರ ತಿದ್ದುಪಡಿಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಇವೆ, ಶ್ರೀಲಂಕಾ ಇಲ್ಲ. ನಾವು ಸೈನ್ಯ ಕಳಿಸಿ ಯುದ್ಧ ಮಾಡಿ ಬಂದ ದೇಶವೇ ಆ ಪಟ್ಟಿಯಲ್ಲಿ ಇಲ್ಲ! 2025ರ ಸೆಪ್ಟೆಂಬರ್‌ನಲ್ಲಿ, 2015ರ ಜನವರಿ 9ರವರೆಗೆ ಬಂದು ಹೆಸರು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ ಪಾಸ್‌ಪೋರ್ಟ್-ವೀಸಾ ಇಲ್ಲದ್ದಕ್ಕೆ ಶಿಕ್ಷೆ ಇಲ್ಲ ಎಂದು ಕೇಂದ್ರ ಆದೇಶ ಹೊರಡಿಸಿತು. ಅದಕ್ಕೆ ಧನ್ಯವಾದ. ಆದರೆ ಶಿಕ್ಷೆ ತಪ್ಪಿತೇ ಹೊರತು ಪೌರತ್ವ ಸಿಗಲಿಲ್ಲ.

ಕಾಬೂಲ್ ಬಗ್ಗೆಯೂ ಎರಡು ಮಾತು. 2020ರ ಫೆಬ್ರವರಿಯಲ್ಲಿ ದೋಹಾದಲ್ಲಿ ಅಮೆರಿಕ ತನ್ನ ಸೈನ್ಯದ ವಾಪಸಾತಿಯ ಒಪ್ಪಂದಕ್ಕೆ ತಾಲಿಬಾನ್ ಜೊತೆ ಸಹಿ ಹಾಕಿತು, ಅಫ್ಘನ್ ಸರ್ಕಾರವನ್ನು ಹೊರಗಿಟ್ಟಿತು. 1987ರಲ್ಲಿ ನಾವು ಕೊಲಂಬೊ ಸರ್ಕಾರದ ಜೊತೆ ಸಹಿ ಹಾಕಿದೆವು, ತಮಿಳರ ಸಹಿ ಅದರಲ್ಲಿ ಇರಲಿಲ್ಲ. ಎರಡೂ ಕಡೆ ಆಮೇಲೆ ಅನುಭವಿಸಿದವರು ಅಲ್ಲಿಯ ಜನ. 2021ರ ಆಗಸ್ಟ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣದಲ್ಲಿ ಅಮೆರಿಕದ ವಿಮಾನದ ಹಿಂದೆ ಜನ ಓಡಿದ್ದನ್ನು ಎಲ್ಲರೂ ನೋಡಿ ಮರುಗಿದೆವು. ಅದೇ ತಿಂಗಳ 25ರಂದು, ಭಾರತದ ಹೊರಗಿದ್ದ ಅಫ್ಘನ್ನರಿಗೆ ಅಲ್ಲಿಯವರೆಗೆ ಕೊಟ್ಟಿದ್ದ ವೀಸಾಗಳು ಅಮಾನ್ಯ ಎಂದು ನಮ್ಮ ಸರ್ಕಾರ ಹೇಳಿತು. ನಮ್ಮದೇ ಸ್ಕಾಲರ್‌ಶಿಪ್‌ನಲ್ಲಿ ಓದುತ್ತಿದ್ದು, ಕೋವಿಡ್ ಕಾಲದಲ್ಲಿ ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಬಿದ್ದರು. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲೂ ಅಫ್ಘನ್ ಮಕ್ಕಳು ಓದಿದ್ದಾರೆ. ಆಗಲೂ ಈ ಖಾತೆ ನಿಮ್ಮದೇ ಆಗಿತ್ತು. ಅಲ್ಲಿಗೆ ನಾವು ಸೈನ್ಯ ಕಳಿಸಿರಲಿಲ್ಲ, ನಿಜ. ಆದರೆ ಬನ್ನಿ ಎಂದು ಕರೆದವರು ನಾವೇ ತಾನೇ?

ಹಾಗಾಗಿ ಕೇಳುತ್ತಿದ್ದೇನೆ. ಶ್ರೀಲಂಕಾದಿಂದ ಪಡೆ ವಾಪಸ್ ಬಂದ ಆ ತಿಂಗಳುಗಳ ಸರ್ಕಾರಿ ಕಡತಗಳನ್ನು ಸಂಸತ್ತಿನ ಮುಂದೆ ಇಡಿ. ತಮಿಳು ರಾಷ್ಟ್ರೀಯ ಸೇನೆಗೆ ಎಷ್ಟು ಹುಡುಗರನ್ನು ಸೇರಿಸಿದರು, ಅವರನ್ನು ಹೊರತರುವ ಮಾತು ಯಾವತ್ತಾದರೂ ಬಂದಿತ್ತೇ, ಬಂದಿದ್ದರೆ ಯಾರು ಬೇಡ ಎಂದರು, ತಿಳಿಯಲಿ. ಜಾಫ್ನಾ ಆಸ್ಪತ್ರೆಯಲ್ಲಿ ಸತ್ತವರ ಮನೆಯವರಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿ. ಮುಂದೆ ಯಾವತ್ತಾದರೂ ನಮ್ಮ ಪಡೆ ಹೊರದೇಶಕ್ಕೆ ಹೋದರೆ, ನಮಗಾಗಿ ದುಡಿದ ಅಲ್ಲಿನವರನ್ನು ಹೇಗೆ ಹೊರತರುತ್ತೇವೆ ಎಂಬುದನ್ನು ಹೋಗುವ ಮುಂಚೆಯೇ ಬರೆದಿಡುವ ಪದ್ಧತಿ ತನ್ನಿ.

ಪೌರತ್ವ ಗೃಹ ಸಚಿವರ ಖಾತೆ ಎಂದು ನನಗೆ ಗೊತ್ತು. ಆದರೂ ಕ್ಯಾಂಪುಗಳಲ್ಲಿ ಹುಟ್ಟಿದ ಮಕ್ಕಳ ಪರವಾಗಿ ಸಂಪುಟದಲ್ಲಿ ಮಾತಾಡಲು ನಿಮಗಿಂತ ಜಾಸ್ತಿ ಅಧಿಕಾರ ಇರುವವರು ನನಗೆ ಕಾಣುತ್ತಿಲ್ಲ. ಬರುವ ಅಧಿವೇಶನದಲ್ಲೇ ಆ ಮಾತು ಎತ್ತಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ