ಹೊಸ ಹಲ್ಲು ಕೂತಿತು, ನಿಮಗೆಲ್ಲ ಧನ್ಯವಾದ

ಹೋದ ವಾರ ನನ್ನ ಮೇಲಿನ ದವಡೆಗೆ ಹೊಸ ಹಲ್ಲು ಕೂತಿತು. ಫೋನ್ ಮಾಡಿದವರು, ನಾಪೋಕ್ಲು ಪೇಟೆಯಲ್ಲಿ ನಿಲ್ಲಿಸಿ ವಿಚಾರಿಸಿದವರು ತುಂಬಾ ಜನ. ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಹಿಂದೆ ಹಾಕಿಸಿದ್ದ ಇಂಪ್ಲಾಂಟ್ (ಕೃತಕ ಹಲ್ಲು ನಿಲ್ಲಿಸಲು ದವಡೆ ಮೂಳೆಗೆ ಕೂರಿಸುವ ಬೇರಿನಂಥ ತಿರುಪು) ಸುತ್ತ ಸೋಂಕಾಗಿ ಮೂಳೆ ಕರಗಿತ್ತು. ಅದನ್ನು ತೆಗೆದಾಗ ಬಾಯಿಗೂ, ಅದರ ಮೇಲೆ ಮೂಗಿಗೆ ತೆರೆದುಕೊಳ್ಳುವ ಟೊಳ್ಳು ಜಾಗವಾದ ಸೈನಸ್‌ಗೂ ನಡುವೆ ತೂತು ಉಳಿಯಿತು. ಕುಡಿದ ನೀರು ಮೂಗಿನಲ್ಲಿ ಬರುತ್ತಿತ್ತು. ಮದುವೆ ಊಟಕ್ಕೆ ಹೋಗುವುದನ್ನೇ ಬಿಟ್ಟಿದ್ದೆ.

ಮೊದಲ ಧನ್ಯವಾದ ಮೈಸೂರಿನ ಡಾಕ್ಟರ್ ಮೇಡಂಗೆ. ನಮ್ಮ ಕೆನ್ನೆಯ ಒಳಗೆ ಕೊಬ್ಬಿನ ಒಂದು ಮುದ್ದೆ ಇರುತ್ತದೆ. ಅದನ್ನು ರಕ್ತನಾಳದ ಸಮೇತ ಮೆಲ್ಲಗೆ ಎಳೆದು ತಂದು ತೂತಿನ ಮೇಲೆ ಹೊಲಿದರು. ತಾಯಿ ಗಿಡದಿಂದ ಬೇರ್ಪಡಿಸದೆಯೇ ಕಸಿ ಕಟ್ಟುತ್ತೇವಲ್ಲ, ಹಾಗೆ. ತನ್ನದೇ ರಕ್ತ ಹರಿಯುತ್ತಿರುವುದರಿಂದ ಅದು ಚೆನ್ನಾಗಿ ಹಿಡಿಯುತ್ತದೆ. ಕೆಲವು ವಾರಗಳಲ್ಲಿ ಬಾಯಿಯ ಪೊರೆ ತಾನಾಗಿಯೇ ಅದರ ಮೇಲೆ ಹಬ್ಬುತ್ತದೆ. ಈ ವಿಧಾನ 1977ರಿಂದಲೇ ವೈದ್ಯರಿಗೆ ಗೊತ್ತಂತೆ. ಗಾಯ ಪೂರ್ತಿ ಮಾಗಿದ ಮೇಲೆ ಸೈನಸ್ ಪೊರೆ ಎತ್ತಿ ಮೂಳೆ ಪುಡಿ ತುಂಬಿದರು. ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ಕಾದು, ಆಮೇಲೆ ಹೊಸ ಇಂಪ್ಲಾಂಟ್.

ನನ್ನ ತಮ್ಮನ ಮಗ ಒಂದು ಸಲ ಕೇಳಿದ: "ಮೇಡಂ, ಕೊಬ್ಬಿನಿಂದಲೇ ಮೂಳೆ ಬೆಳೆಸಬಹುದಂತಲ್ಲ, ದೊಡ್ಡಪ್ಪನಿಗೆ ಅದನ್ನೇ ಮಾಡಬಾರದಾ?" ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಕೂತು ಬಿಡಿಸಿ ಹೇಳಿದರು. ಲೈಪೊಸಕ್ಷನ್‌ನಲ್ಲಿ ಹೀರಿ ತೆಗೆದ ಕೊಬ್ಬಿನಲ್ಲಿ ಮೂಳೆಯಾಗಬಲ್ಲ ಕಾಂಡಕೋಶಗಳು (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು) ಇವೆ ಎಂದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2001ರಲ್ಲಿ ತೋರಿಸಿದರಂತೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೋಗಿಗಳ ಕೊಬ್ಬಿನಿಂದ ಕೋಶಗಳನ್ನು ಬೇರ್ಪಡಿಸಿ, ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳ ಜೊತೆ ಅದೇ ಆಪರೇಷನ್‌ನಲ್ಲಿ ಮೇಲ್ದವಡೆಗೆ ತುಂಬಿದ್ದಾರೆ. ಇಂಪ್ಲಾಂಟ್ ಹಾಕಲು ಮೂಳೆ ಸಾಲದವರಿಗೆ ಮಾಡಿದ ಪ್ರಯೋಗ ಅದು. ಫಲಿತಾಂಶ 2016ರಲ್ಲಿ ಬಂತು, ಭರವಸೆ ಹುಟ್ಟಿಸುವಂತೆಯೇ ಇತ್ತು. "ಆದರೆ ಅದು 10 ಜನರ ಮೇಲಿನ ಪ್ರಯೋಗ. ಅಷ್ಟನ್ನೇ ನಂಬಿ ನಿಮಗೆ ಮಾಡಲಾರೆ. ನಿಮ್ಮ ಬಾಯಲ್ಲಿ ಕೊಬ್ಬು ತೂತು ಮುಚ್ಚಿದೆ, ಅಷ್ಟೇ. ಅದೇ ಮೂಳೆಯಾಯಿತು ಅಂತ ಯಾರಿಗೂ ಹೇಳಬೇಡಿ" ಎಂದರು. ಆಪರೇಷನ್‌ಗಿಂತ ಈ ಮಾತಿಗೆ ನಾನು ಜಾಸ್ತಿ ಋಣಿ. ನೋವಲ್ಲಿರುವವನಿಗೆ ಸುಮ್ನೆ ಆಸೆ ತೋರಿಸಿ ದುಡ್ಡು ಕೇಳುವುದು ಸುಲಭ ಅಲ್ವಾ? ಅವರು ಹಾಗೆ ಮಾಡಲಿಲ್ಲ.

ಇನ್ನು ಮನೆಯವರು, ಊರವರು. ಆಪರೇಷನ್ ಆದ ಮೇಲೆ ಹೊಲಿಗೆ ಬಿಡದಂತೆ ಮೂಗು ಸೀಟುವಂತಿಲ್ಲ, ಸ್ಟ್ರಾ ಹಾಕಿ ಕುಡಿಯುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಕೊಡಗಿನ ಜುಲೈ ಮಳೆಯಲ್ಲಿ ನೆಗಡಿಯಾಗದೆ ಇರುವುದು ಹೇಗೆ? ಅತ್ತಿಗೆ ಹಗಲೂ ರಾತ್ರಿ ಒಲೆ ಆರಲು ಬಿಡಲಿಲ್ಲ. ಕಡಂಬುಟ್ಟನ್ನು (ನಮ್ಮ ಕಡೆಯ ಅಕ್ಕಿ ತರಿಯ ಉಂಡೆ) ಹಾಲಿನಲ್ಲಿ ಕಿವುಚಿ ಕೊಟ್ಟರು. ಗೆಳೆಯರು ನನ್ನೆದುರು ಒಂದು ಸಿಗರೇಟೂ ಹಚ್ಚಲಿಲ್ಲ. ಹೊಗೆ ಸೇದಿದರೆ ಗಾಯ ಸರಿಯಾಗಿ ಮಾಯುವುದಿಲ್ಲ ಎಂದು ಅವರಿಗೆ ಹೇಳಿದ್ದೆ, ಅದನ್ನು ಅವರು ಮರೆಯಲಿಲ್ಲ. ಎರಡನೇ ಆಪರೇಷನ್ ಬಂದದ್ದು ಕಾಫಿ ಕುಯ್ಲಿನ ಹೊತ್ತಿಗೇ. ಪಕ್ಕದ ತೋಟದವರು ತಮ್ಮ ಆಳುಗಳನ್ನು ಕಳಿಸಿ ನಮ್ಮ ಹಣ್ಣು ಕುಯ್ಯಿಸಿ, ಕಣದಲ್ಲಿ ಒಣಗಿಸಿಯೂ ಕೊಟ್ಟರು. ಲೆಕ್ಕ ಕೇಳಿದರೆ ಬೈದರು.

ಇಂಪ್ಲಾಂಟ್ ಇರುವವರಿಗೆ ಒಂದು ಮಾತು. ಸುತ್ತ ರಕ್ತ ಬಂದರೆ, ಊದಿದರೆ ನೋವಿಲ್ಲ ಅಂತ ಸುಮ್ಮನಿರಬೇಡಿ, ತೋರಿಸಿ. ಈ ಸೋಂಕು ಎಷ್ಟೋ ಸಲ ನೋವೇ ಇಲ್ಲದೆ ಮೂಳೆ ತಿನ್ನುತ್ತದೆ. ನಾನು ತಪಾಸಣೆಗೆ ಮುಂದಿನ ತಿಂಗಳು ಮೈಸೂರಿಗೆ ಹೋಗುತ್ತೇನೆ. ಬರುವವರಿದ್ದರೆ ಹೇಳಿ, ಜೀಪಿನಲ್ಲಿ ಜಾಗ ಇದೆ.